ಟೈಮಿಂಗ್ ಬೆಲ್ಟ್ ಕಟ್ ಆಗುವ ಮೊದಲು

ಹತ್ತು ಹನ್ನೆರಡು ವರ್ಷದ ಕಾರು. ಆಯಿಲ್ ಹೊತ್ತುಹೊತ್ತಿಗೆ ಬದಲಾಗಿದೆ, ಟೈರು ಹೊಸದು, ಬ್ರೇಕು ಚೆನ್ನಾಗಿದೆ, ಎಂಜಿನ್ನಿನ ಸದ್ದಿನಲ್ಲೂ ತಕರಾರಿಲ್ಲ. ಅಂಥ ಕಾರು ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಒಮ್ಮೆಲೇ ಆಫ್ ಆಗಿಬಿಡುತ್ತದೆ. ಸೆಲ್ಫ್ ಹೊಡೆದರೆ ತಿರುಗುವ ಸದ್ದು ಕೇಳುತ್ತದೆ, ಆದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿಗೆ ಎಳೆದು ತಂದ ಮೇಲೆ ಮೆಕ್ಯಾನಿಕ್ ಹೇಳುತ್ತಾರೆ: ‘ಟೈಮಿಂಗ್ ಬೆಲ್ಟ್ ಕಟ್ ಆಗಿದೆ ಸಾರ್. ವಾಲ್ವ್ ಬೆಂಡ್ ಆಗಿರುತ್ತೆ. ಹೆಡ್ ಇಳಿಸ್ಬೇಕು.’ ಖರ್ಚಿನ ಅಂದಾಜು ಕೇಳಿದವರಲ್ಲಿ ಎಷ್ಟೋ ಮಂದಿ ಕಾರನ್ನು ಗುಜರಿಗೆ ಹಾಕುವ ಲೆಕ್ಕಕ್ಕೇ ಬರುತ್ತಾರೆ.

ಹಳೆಯ ಕಾರುಗಳಲ್ಲಿ ಆಗುವ ದೊಡ್ಡ ನಷ್ಟಗಳ ಪೈಕಿ ಇದರಷ್ಟು ಸುಲಭವಾಗಿ ತಪ್ಪಿಸಬಹುದಾದದ್ದು ಇನ್ನೊಂದಿಲ್ಲ. ಬೆಲ್ಟು ಯಾವಾಗ ಬದಲಿಸಬೇಕೆಂದು ಕಾರು ತಯಾರಕರು ಮೊದಲೇ ಬರೆದು ಕೊಟ್ಟಿರುತ್ತಾರೆ. ಆದರೂ ಅದು ತಪ್ಪಿಹೋಗುವುದಕ್ಕೆ ಎರಡು ಕಾರಣಗಳಿವೆ. ಒಂದು, ಬೆಲ್ಟು ಮುಚ್ಚಳದ ಒಳಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು, ಕಾರು ಕೈಯಿಂದ ಕೈಗೆ ಹೋಗುವಾಗ ಬೆಲ್ಟು ಎಂದು ಬದಲಾಗಿತ್ತು ಎಂಬ ಮಾಹಿತಿ ಕಳೆದುಹೋಗುತ್ತದೆ. ನಿಮ್ಮ ಕಾರಿನ ಬೆಲ್ಟು ಎಂದು ಬದಲಾಯಿತೆಂದು ಈಗ ಕೇಳಿದರೆ ತಾರೀಕು ಹೇಳಬಲ್ಲಿರಾ? ಆಗದಿದ್ದರೆ ಈ ಲೇಖನ ನಿಮಗಾಗಿಯೇ.

ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತ ಅದನ್ನು ತಿರುಗಿಸುತ್ತವೆ. ಮೇಲ್ಭಾಗದಲ್ಲಿ, ಅಂದರೆ ಹೆಡ್‌ನಲ್ಲಿ, ಕ್ಯಾಮ್ ಶಾಫ್ಟ್ ಇರುತ್ತದೆ; ಅದು ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ವಾಲ್ವ್‌ಗಳನ್ನು ತೆರೆಯುತ್ತದೆ. ಪಿಸ್ಟನ್ ಎಲ್ಲಿದೆ ಎಂಬುದಕ್ಕೆ ತಕ್ಕಂತೆ ವಾಲ್ವ್ ತೆರೆದು ಮುಚ್ಚಬೇಕು. ಈ ಎರಡು ಶಾಫ್ಟ್‌ಗಳನ್ನು ತಾಳ ತಪ್ಪದಂತೆ ಜೋಡಿಸಿಡುವ ಹಲ್ಲುಳ್ಳ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗಬೇಕು. ಅದಕ್ಕಾಗಿಯೇ ಮೇಲಿನ ಚಕ್ರಕ್ಕೆ ಕೆಳಗಿನದರ ಎರಡರಷ್ಟು ಹಲ್ಲುಗಳು.

ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಪ್ರೀಮಿಯರ್ ಪದ್ಮಿನಿಯಲ್ಲೂ ಹಳೆಯ ಪೆಟ್ರೋಲ್ ಅಂಬಾಸಿಡರ್‌ನಲ್ಲೂ ಈ ಕೆಲಸಕ್ಕೆ ಲೋಹದ ಚೈನ್ ಇತ್ತು. ಹಲ್ಲಿನ ರಬ್ಬರ್ ಬೆಲ್ಟನ್ನು ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರಿನಲ್ಲಿ ಮೊದಲು ಬಳಸಿದ್ದು ಜರ್ಮನಿಯ ಗ್ಲಾಸ್ ಎಂಬ ಕಾರು ಕಂಪನಿ, 1962ರಲ್ಲಿ. ಬೆಲ್ಟು ಹಗುರ, ಅಗ್ಗ, ಸದ್ದು ಕಡಿಮೆ, ಆಯಿಲ್ ಉಣಿಸುವ ಗೋಜೂ ಇಲ್ಲ. ಕ್ಯಾಮ್ ಶಾಫ್ಟ್ ಹೆಡ್‌ಗೆ ಏರಿದ ಹೊಸ ವಿನ್ಯಾಸಗಳಿಗೆ ಇದು ಚೆನ್ನಾಗಿ ಹೊಂದಿಕೊಂಡಿತು. ನಮ್ಮಲ್ಲಿ ಮಾರುತಿ 800ರ ಜೊತೆಗೆ ಅದು ಮನೆಮನೆಗೂ ಬಂತು. ಇಷ್ಟೆಲ್ಲ ಅನುಕೂಲಕ್ಕೆ ನಾವು ಕೊಡಬೇಕಾದ ಬೆಲೆ ಒಂದೇ: ಗೊತ್ತಾದ ಅವಧಿಗೆ ಅದನ್ನು ಬದಲಿಸುವುದು.

ಬೆಲ್ಟು ಹೋದರೆ ಎಂಜಿನ್ ಏಕೆ ಹಾಳಾಗುತ್ತದೆ?

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು. ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಪೂರ್ತಿ ತೆರೆದ ವಾಲ್ವ್ ಮತ್ತು ಪೂರ್ತಿ ಮೇಲೇರಿದ ಪಿಸ್ಟನ್ ಒಂದೇ ಜಾಗಕ್ಕೆ ಬರುತ್ತವೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಆ ಹೊತ್ತನ್ನು ಕಾಯುವುದು ಬೆಲ್ಟು. ಅದು ಕಟ್ ಆದ ಕೂಡಲೇ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಕಾರಿನ ವೇಗದಿಂದ ಇನ್ನೂ ತಿರುಗುತ್ತಲೇ ಇರುತ್ತದೆ. ಮೇಲೇರಿ ಬಂದ ಪಿಸ್ಟನ್ ತೆರೆದ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ವಾಲ್ವ್ ಗೈಡ್ ಸೀಳಬಹುದು, ರಾಕರ್ ಮುರಿಯಬಹುದು, ಕೆಲವೊಮ್ಮೆ ಪಿಸ್ಟನ್ನಿನ ತಲೆಯೇ ತೂತಾಗುತ್ತದೆ.

ವಾಲ್ವ್‌ಗೂ ಪಿಸ್ಟನ್ನಿಗೂ ನಡುವೆ ಸಾಕಷ್ಟು ಜಾಗ ಬಿಟ್ಟು ಮಾಡಿದ ಎಂಜಿನ್‌ಗಳೂ ಇವೆ. ಅವುಗಳಲ್ಲಿ ಬೆಲ್ಟು ಕಟ್ ಆದರೆ ಕಾರು ನಿಲ್ಲುತ್ತದೆ ಅಷ್ಟೆ. ಹೊಸ ಬೆಲ್ಟು ಹಾಕಿದರೆ ಮತ್ತೆ ಓಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಈ ಅದೃಷ್ಟಕ್ಕೆ ಅವಕಾಶ ತೀರ ಕಡಿಮೆ. ಬರಿ ಒತ್ತಡದಿಂದಲೇ ಇಂಧನ ಹೊತ್ತಿಕೊಳ್ಳಬೇಕಾದ್ದರಿಂದ ಅಲ್ಲಿ ಪಿಸ್ಟನ್ ಹೆಡ್‌ನ ತೀರ ಹತ್ತಿರಕ್ಕೆ ಬರುತ್ತದೆ; ನಡುವೆ ಉಳಿಯುವ ಜಾಗ ಅತ್ಯಲ್ಪ. ಹಾಗಾಗಿ ಡೀಸೆಲ್ ಕಾರಿದ್ದವರು ವಾಲ್ವ್ ಬಡಿದೇ ಬಡಿಯುತ್ತದೆ ಎಂದುಕೊಂಡೇ ನಡೆಯಬೇಕು.

ಬೆಲ್ಟು ಪೂರ್ತಿ ಕಟ್ ಆಗಲೇಬೇಕೆಂದಿಲ್ಲ, ಹಲ್ಲು ಜಾರಿದರೂ ಅಪಾಯವೇ. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲಿದ್ದರೆ, ಒಂದು ಹಲ್ಲು ಜಾರಿದಾಗ ಟೈಮಿಂಗ್ 18 ಡಿಗ್ರಿ ತಪ್ಪುತ್ತದೆ. ಎಂಜಿನ್ ನಡುಗುತ್ತದೆ, ಎಳೆಯುವ ಶಕ್ತಿ ಕುಂದುತ್ತದೆ, ಮೈಲೇಜ್ ಬೀಳುತ್ತದೆ. ಎರಡು ಮೂರು ಹಲ್ಲು ಜಾರಿದರೆ ವಾಲ್ವ್ ಬಡಿಯುವ ಹಂತ ತಲುಪಬಹುದು.

ನಿಮ್ಮ ಕಾರಿನಲ್ಲಿ ಬೆಲ್ಟೋ, ಚೈನೋ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿರುವ, ಟೈಮಿಂಗ್ ಬೆಲ್ಟ್ ಇರುವ ಕೆಲವು ಹಳೆಯ ಕಾರುಗಳು ಇವು:

1. ಪೆಟ್ರೋಲ್: ಮಾರುತಿ 800, 800 ಸಿಸಿಯ ಆಲ್ಟೊ, ಝೆನ್, ಎಸ್ಟೀಮ್, 1.1 ಲೀಟರಿನ ಹಳೆಯ ವ್ಯಾಗನ್‌ಆರ್, ಹ್ಯುಂಡೈನ ಹಳೆಯ ಸ್ಯಾಂಟ್ರೊ, 1998ರಲ್ಲಿ ಬಂದ ಮೊದಲ ಹೋಂಡಾ ಸಿಟಿ.
2. ಡೀಸೆಲ್: ಟಾಟಾ ಇಂಡಿಕಾದ 1.4 ಲೀಟರ್ ಎಂಜಿನ್, ಟೊಯೊಟಾ ಕ್ವಾಲಿಸ್, 2.5 ಲೀಟರಿನ ಹಳೆಯ ಇನ್ನೋವಾ, ರೆನೊ ಡಸ್ಟರ್ ಮತ್ತು ಲೋಗನ್‌ಗಳ 1.5 ಲೀಟರ್ ಎಂಜಿನ್, ಫೋರ್ಡ್ ಫಿಗೊದ ಹಳೆಯ 1.4 ಲೀಟರ್ ಎಂಜಿನ್, ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊ ಡೀಸೆಲ್.

ಕಾರಿನ ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ, ಎಂಜಿನ್ ನೋಡಿ. ಒಂದೇ ಹೆಸರಿನ ಕಾರಿನಲ್ಲಿ ಎರಡೂ ಬಗೆ ಇರಬಹುದು. ಹ್ಯುಂಡೈ ಐ10ರ 1.1 ಲೀಟರ್ ಎಂಜಿನ್ನಿಗೆ ಬೆಲ್ಟು, 1.2 ಲೀಟರ್ ಕಪ್ಪಾ ಎಂಜಿನ್ನಿಗೆ ಚೈನು. ಮಾರುತಿ ಸ್ವಿಫ್ಟ್‌ನ ಮೊದಲ 1.3 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಬೆಲ್ಟು. ಆಮೇಲೆ ಬಂದ 1.2 ಲೀಟರ್ ಪೆಟ್ರೋಲಿಗೂ 1.3 ಲೀಟರ್ ಡೀಸೆಲಿಗೂ ಚೈನು. ಓನರ್ಸ್ ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಅಥವಾ ಕ್ಯಾಮ್ ಶಾಫ್ಟ್ ಡ್ರೈವ್ ಬೆಲ್ಟ್ ಎಂಬ ಸಾಲಿದೆಯೇ ಹುಡುಕಿ. ಪುಸ್ತಕ ಕಳೆದಿದ್ದರೆ ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಚೈನ್ ಇರುವವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಚೈನಿಗೆ ಆಯಿಲೇ ಆಧಾರ. ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಹೋದರೆ ಚೈನ್ ಸವೆದು ಉದ್ದವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಒಂದು ಬದಿಯಿಂದ ಗಡಗಡ ಸದ್ದು ಬರುವುದು ಅದರ ಗುರುತು. ಇನ್ನು ಇಕೋಸ್ಪೋರ್ಟ್‌ನ 1.0 ಲೀಟರ್ ಇಕೋಬೂಸ್ಟ್‌ನಂಥ ಎಂಜಿನ್‌ಗಳಲ್ಲಿ ಬೆಲ್ಟು ಆಯಿಲಿನಲ್ಲೇ ಓಡುತ್ತದೆ. ಅಂಥದ್ದಕ್ಕೆ ಕಂಪನಿ ಹೇಳಿದ ಗುಣಮಟ್ಟದ ಆಯಿಲನ್ನೇ ಹಾಕಬೇಕು. ಸಿಕ್ಕ ಆಯಿಲ್ ಹಾಕಿದರೆ ಬೆಲ್ಟಿನ ರಬ್ಬರ್ ಕರಗಿ ಉದುರಿ, ಆಯಿಲ್ ಪಂಪಿನ ಜಾಲರಿಯನ್ನೂ ಕಟ್ಟುತ್ತದೆ.

ಯಾವಾಗ ಬದಲಿಸಬೇಕು?

ಪ್ರತಿ ಎಂಜಿನ್ನಿಗೂ ಅದರದೇ ಅವಧಿ ಇರುತ್ತದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 60,000 ಕಿ.ಮೀ.ನಿಂದ 1,00,000 ಕಿ.ಮೀ.ವರೆಗೆ ಹೇಳಿರುತ್ತಾರೆ, ಕೆಲವು ಎಂಜಿನ್‌ಗಳಿಗೆ ಅದಕ್ಕೂ ಹೆಚ್ಚು. ಕಿಲೋಮೀಟರಿನ ಜೊತೆಗೆ ವರ್ಷದ ಮಿತಿಯೂ ಇದ್ದರೆ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದನ್ನೇ ಹಿಡಿಯಬೇಕು. ನಮ್ಮಲ್ಲಿ ತಪ್ಪಿಹೋಗುವುದು ಈ ವರ್ಷದ ಲೆಕ್ಕವೇ.

ಬೆಲ್ಟಿನ ಮೈ ಕೃತಕ ರಬ್ಬರಿನದು. ಒಳಗೆ ಉದ್ದಕ್ಕೂ ಗಾಜಿನ ನಾರಿನ ಎಳೆಗಳಿರುತ್ತವೆ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ. ಕಾರು ಓಡದೆ ನಿಂತಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ. ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಬಾಗಿ ನಿಂತ ಬೆಲ್ಟು ಅಲ್ಲೇ ದುರ್ಬಲವಾಗುತ್ತದೆ. ಮಕ್ಕಳು ವಿದೇಶದಲ್ಲಿದ್ದು, ಊರಿನ ಮನೆಯ ಶೆಡ್ಡಿನಲ್ಲಿ ಹಬ್ಬಕ್ಕೆ ಮಾತ್ರ ಹೊರಬರುವ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹತ್ತು ವರ್ಷಕ್ಕೆ 30,000 ಕಿ.ಮೀ. ಓಡಿದ ಕಾರಿನ ಬೆಲ್ಟು ಹೊಸದರಂತಿದೆ ಎಂದು ನಂಬುವುದು ದೊಡ್ಡ ತಪ್ಪು. ಪುಸ್ತಕದಲ್ಲಿ ವರ್ಷದ ಮಿತಿ ಸಿಗದಿದ್ದರೆ, ಹಳೆಯ ಕಾರಿಗೆ ಐದು ವರ್ಷವನ್ನು ಗಡುವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಬೆಂಗಳೂರಿನಂಥ ಊರಲ್ಲಿ ಓಡುವ ಕಾರಿಗೆ ಇನ್ನೊಂದು ಲೆಕ್ಕವಿದೆ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ 80,000 ಕಿ.ಮೀ. ಓಡಲು 2000 ಗಂಟೆ ಬೇಕು. ಎಂಜಿನ್ ನಿಮಿಷಕ್ಕೆ ಸರಾಸರಿ 2000 ಸುತ್ತು ತಿರುಗಿದರೂ ಕ್ರ್ಯಾಂಕ್ ಅಷ್ಟರಲ್ಲಿ 24 ಕೋಟಿ ಸುತ್ತು ತಿರುಗಿರುತ್ತದೆ. ಟ್ರಾಫಿಕ್ಕಿನಲ್ಲಿ ಸರಾಸರಿ ವೇಗ 20 ಕಿ.ಮೀ.ಗೆ ಇಳಿದರೆ ಅಷ್ಟೇ ದೂರಕ್ಕೆ 4000 ಗಂಟೆ. ಸಿಗ್ನಲ್‌ನಲ್ಲಿ ನಿಂತು ಎಂಜಿನ್ ಓಡುವ ಹೊತ್ತು, ಬಾನೆಟ್ಟಿನ ಕೆಳಗಿನ ಕಾವು ಇವು ಓಡೋಮೀಟರಿನಲ್ಲಿ ಕಾಣುವುದಿಲ್ಲ. ಊರೊಳಗೇ ಓಡುವ ಕಾರು, ಬಿಸಿಲು ಜಾಸ್ತಿಯಿರುವ ರಾಯಚೂರು, ಕಲಬುರಗಿ ಕಡೆಯ ಕಾರು, ಕಲ್ಲುಪುಡಿ, ಗಣಿ ಧೂಳಿನ ದಾರಿಯಲ್ಲಿ ಓಡುವ ಕಾರು, ಟ್ಯಾಕ್ಸಿ ಇವಕ್ಕೆಲ್ಲ ಪುಸ್ತಕದ ಅವಧಿಗಿಂತ ಸ್ವಲ್ಪ ಮೊದಲೇ ಬದಲಿಸಿ.

ಮುನ್ಸೂಚನೆ ಸಿಗುತ್ತದೆಯೇ?

ಎಷ್ಟೋ ಸಲ ಏನೂ ಸಿಗುವುದಿಲ್ಲ. ಈಚಿನ ಬೆಲ್ಟುಗಳ ರಬ್ಬರು ಒಳ್ಳೆಯದಾಗಿರುವುದರಿಂದ ಹೊರಗೆ ಬಿರುಕು ಕಾಣದೆಯೇ ಒಳಗಿನ ಎಳೆಗಳು ಹರಿಯಬಹುದು. ಆದರೆ ಕೆಳಗಿನ ಗುರುತುಗಳಲ್ಲಿ ಒಂದು ಕಂಡರೂ ಅವಧಿ ಮುಗಿಯುವವರೆಗೆ ಕಾಯದೆ ತೋರಿಸಿ:

1. ಟೈಮಿಂಗ್ ಕವರಿನ ಕಡೆಯಿಂದ ಕುಂಯ್‌ಗುಡುವ ಅಥವಾ ಗರಗರ ಸದ್ದು. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಇಲ್ಲವೇ ವಾಟರ್ ಪಂಪಿನ ಬೇರಿಂಗ್ ಹೋಗುತ್ತಿರುವ ಲಕ್ಷಣ.
2. ಕವರಿನ ಕೆಳಗೆ ಆಯಿಲ್ ಜಿನುಗು. ಕ್ರ್ಯಾಂಕ್ ಅಥವಾ ಕ್ಯಾಮ್ ಆಯಿಲ್ ಸೀಲ್ ಸೋರಿ ಬೆಲ್ಟಿನ ಮೇಲೆ ಆಯಿಲ್ ಬೀಳುತ್ತಿರಬಹುದು. ಆಯಿಲಿಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹಲ್ಲು ಕಿತ್ತುಬರುತ್ತದೆ.
3. ಅದೇ ಜಾಗದಲ್ಲಿ ಕೂಲಂಟ್ ಕಲೆ, ಅಥವಾ ಕೂಲಂಟ್ ಪದೇ ಪದೇ ಕಡಿಮೆಯಾಗುವುದು.
4. ಸ್ಟಾರ್ಟ್ ಆಗಲು ತಡ, ಐಡ್ಲಿಂಗ್‌ನಲ್ಲಿ ನಡುಕ, ಘಾಟಿಯಲ್ಲಿ ಎಳೆತ ಸಾಲದಿರುವುದು. ಇದಕ್ಕೆ ಬೇರೆ ಕಾರಣಗಳೂ ಇರಬಹುದು; ಟೈಮಿಂಗ್ ಗುರುತನ್ನೂ ನೋಡಲು ಹೇಳಿ.
5. ಹಳೆಯ ಇನ್ನೋವಾ ಡೀಸೆಲ್‌ನಂಥ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಟಿ-ಬೆಲ್ಟ್ ದೀಪ ಹೊತ್ತಿಕೊಳ್ಳುವುದು. ಆ ದೀಪ ಓಡಿದ ದೂರ ಮಾತ್ರ ಎಣಿಸುತ್ತದೆ. ಬೆಲ್ಟಿನ ಸ್ಥಿತಿಯಾಗಲಿ ವಯಸ್ಸಾಗಲಿ ಅದಕ್ಕೆ ತಿಳಿಯದು. ಬೆಲ್ಟು ಬದಲಿಸದೆಯೂ ದೀಪ ಆರಿಸಬಹುದು. ಹಾಗಾಗಿ ದೀಪ ಹೊತ್ತಿಲ್ಲವೆಂದು ಸುಮ್ಮನಿರಬೇಡಿ.

ಬದಲಿಸುವಾಗ ಏನೇನು ಹಾಕಿಸಬೇಕು?

ಈ ಕೆಲಸದಲ್ಲಿ ಬೆಲ್ಟಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಆದ್ದರಿಂದ ಒಮ್ಮೆ ಬಿಚ್ಚಿದಾಗ ಜೊತೆಯ ಭಾಗಗಳನ್ನೂ ಬದಲಿಸುವುದು ಲಾಭ. ಹೊಸ ಬೆಲ್ಟನ್ನು ಕೆಡಿಸುವುದು ಹೆಚ್ಚಾಗಿ ಹಳೆಯ ಬೇರಿಂಗುಗಳೇ. ಕಿಟ್ ಎಂದು ಕೇಳಿದರೆ ಇವುಗಳಲ್ಲಿ ಮುಖ್ಯವಾದವು ಒಟ್ಟಿಗೇ ಸಿಗುತ್ತವೆ:

1. ಟೈಮಿಂಗ್ ಬೆಲ್ಟ್.
2. ಟೆನ್ಷನರ್, ಐಡ್ಲರ್ ಪುಲ್ಲಿ ಇದ್ದರೆ ಅದೂ.
3. ಟೈಮಿಂಗ್ ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಆದರೆ ಅದು, ಹೊಸ ಕೂಲಂಟ್ ಸಮೇತ. ಪಂಪು ಬಿಗಿದುಕೊಂಡರೆ ಬೆಲ್ಟಿನ ಹಲ್ಲುಗಳನ್ನೇ ಕಿತ್ತುಹಾಕುತ್ತದೆ.
4. ಕ್ರ್ಯಾಂಕ್ ಮತ್ತು ಕ್ಯಾಮ್ ಆಯಿಲ್ ಸೀಲ್‌ಗಳು.
5. ಹೊರಗಿನ ಫ್ಯಾನ್ ಬೆಲ್ಟ್. ಹೇಗೂ ಬಿಚ್ಚಲೇಬೇಕು. ಇದು ಹರಿದರೆ ಅದರ ಚೂರುಗಳು ಒಳಗೆ ಸಿಕ್ಕಿ ಟೈಮಿಂಗ್ ಬೆಲ್ಟನ್ನು ಜಾರಿಸುವ ಸಂಭವವೂ ಉಂಟು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿನ ಬೆಲ್ಟಿಗೆ ಹಲವು ದರ ಇರುತ್ತದೆ. ಕಾರು ಕಂಪನಿಯ ಅಸಲಿ ಭಾಗವನ್ನೋ ಹೆಸರಾಂತ ಬೆಲ್ಟ್ ತಯಾರಕರದ್ದನ್ನೋ ಬಿಲ್ ಸಮೇತ ಕೊಳ್ಳಿ. ಪೊಟ್ಟಣ ತೆರೆದಿರಬಾರದು, ಭಾಗದ ಸಂಖ್ಯೆ ನಿಮ್ಮ ಎಂಜಿನ್ನಿಗೆ ಹೊಂದಬೇಕು. ಹಲ್ಲುಗಳ ಎಣಿಕೆ ಹಳೆಯದರಷ್ಟೇ ಇರಬೇಕು.

ಗ್ಯಾರೇಜಿನಲ್ಲಿ ಕೆಲಸ ಹೀಗೆ ನಡೆಯಬೇಕು

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಿಮ್ಮ ಎಂಜಿನ್ನಿನ ಬೆಲ್ಟು ಹಾಕಿ ಅನುಭವವಿರುವ ಮೆಕ್ಯಾನಿಕ್ ಬೇಕು. ಹಲವು ಡೀಸೆಲ್ ಎಂಜಿನ್‌ಗಳಿಗೆ, ಶಾಫ್ಟ್‌ಗಳು ಅಲುಗದಂತೆ ಹಿಡಿಯುವ ಲಾಕ್ ಪಿನ್‌ಗಳೂ ಬೇಕಾಗುತ್ತವೆ. ಆದರೆ ಕ್ರಮ ಗೊತ್ತಿದ್ದರೆ ನಿಂತು ನೋಡಬಹುದು, ಕೇಳಬಹುದು.

1. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿ ಸಂಪರ್ಕ ತೆಗೆಯಬೇಕು.
2. ಬೆಲ್ಟು ಬಿಚ್ಚುವ ಮೊದಲೇ ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಗುರುತುಗಳನ್ನು ಕಂಪನಿ ಹೇಳಿದ ಜಾಗಕ್ಕೆ ತಂದು ಕೂಡಿಸಬೇಕು. ಲಾಕ್ ಪಿನ್ ಬೇಕಾದ ಎಂಜಿನ್ನಿಗೆ ಪಿನ್ ಹಾಕಲೇಬೇಕು.
3. ಬೆಲ್ಟು ಬಿಚ್ಚಿದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಒಂಟಿಯಾಗಿ ತಿರುಗಿಸಬಾರದು. ಕೈಯಿಂದ ತಿರುಗಿಸಿದರೂ ವಾಲ್ವ್ ತಾಗಬಹುದು.
4. ಸೀಲ್‌ಗಳನ್ನು ಬದಲಿಸಿ, ಆಯಿಲ್ ಮತ್ತು ಧೂಳು ಒರೆಸಿ, ಆಮೇಲೆ ಹೊಸ ಬೆಲ್ಟು ಕೂರಿಸಬೇಕು. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗಿರಬೇಕು.
5. ಟೆನ್ಷನ್ ಅನ್ನು ಕಂಪನಿ ಹೇಳಿದ ರೀತಿಯಲ್ಲೇ ಹೊಂದಿಸಬೇಕು. ಸಡಿಲವಾದರೆ ಹಲ್ಲು ಜಾರುತ್ತದೆ. ಬಿಗಿಯಾದರೆ ಬೆಲ್ಟು ಕೂಗುತ್ತದೆ, ಬೇರಿಂಗುಗಳು ಬೇಗ ಸವೆಯುತ್ತವೆ.
6. ಪಿನ್ ತೆಗೆದು, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಎರಡು ಸುತ್ತಿನ ನಂತರ ಎಲ್ಲ ಗುರುತುಗಳೂ ಮತ್ತೆ ಕೂಡಬೇಕು.
7. ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಕೆಲವು ಎಂಜಿನ್‌ಗಳಿಗೆ ಈ ಬೋಲ್ಟ್ ಹೊಸದೇ ಬೇಕು.
8. ಕವರ್ ಪೂರ್ತಿ ಮುಚ್ಚಬೇಕು. ಮುರಿದ ಕವರ್ ಹಾಗೇ ಬಿಟ್ಟರೆ ಧೂಳು, ಕೆಸರುನೀರು ನೇರ ಬೆಲ್ಟಿಗೆ.

ಆರನೆಯ ಹೆಜ್ಜೆಗೆ ಹೆಚ್ಚೆಂದರೆ ಕೆಲವು ನಿಮಿಷ ಹಿಡಿಯುತ್ತದೆ. ಬೆಲ್ಟು ತಪ್ಪಾಗಿ ಕೂತಿದ್ದರೆ ಎಂಜಿನ್ನಿಗೆ ಪೆಟ್ಟಾಗುವ ಮೊದಲೇ ಗೊತ್ತಾಗುವುದು ಇಲ್ಲೇ. ಆ ಹೆಜ್ಜೆಯನ್ನು ಬಿಟ್ಟುಬಿಡಲು ಯಾರಿಗೂ ಅವಕಾಶ ಕೊಡಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಫ್ಯಾನ್ ಬೆಲ್ಟನ್ನು ಟೈಮಿಂಗ್ ಬೆಲ್ಟ್ ಎಂದುಕೊಳ್ಳುವುದು. ಬಿಲ್ಲಿನಲ್ಲಿ ‘ಬೆಲ್ಟ್ ಬದಲಿಸಿದೆ’ ಎಂದಷ್ಟೇ ಇದ್ದರೆ ನಂಬಬೇಡಿ. ಆಲ್ಟರ್ನೇಟರ್, ಎಸಿ ಓಡಿಸುವ ಹೊರಗಿನ ಬೆಲ್ಟೇ ಬೇರೆ. ‘ಟೈಮಿಂಗ್ ಬೆಲ್ಟ್’ ಎಂದು ಬರೆಸಿ, ಭಾಗದ ಸಂಖ್ಯೆಯೂ ಇರಲಿ.
2. ಬೆಲ್ಟು ಮಾತ್ರ ಬದಲಿಸಿ ಟೆನ್ಷನರ್ ಉಳಿಸಿಕೊಳ್ಳುವುದು. ಹಳೆಯ ಟೆನ್ಷನರ್ ಬೇರಿಂಗ್ ಹೋದರೆ ಹೊಸ ಬೆಲ್ಟೂ ಹೋಗುತ್ತದೆ, ಜೊತೆಗೆ ಎಂಜಿನ್ನೂ.
3. ಬೆಲ್ಟನ್ನು ಮಡಚುವುದು, ಒಳಹೊರಗು ಮಾಡಿ ತಿರುಚಿ ನೋಡುವುದು. ಗಾಜಿನ ನಾರು ಎಳೆತಕ್ಕೆ ಗಟ್ಟಿ, ಮಡಿಕೆಗೆ ಬಲಹೀನ. ಮಡಿಕೆ ಬಿದ್ದ ಕಡೆ ಎಳೆಗಳು ಮುರಿದಿರುತ್ತವೆ, ಹೊರಗೆ ಕಾಣುವುದಿಲ್ಲ.
4. ಸದ್ದು ನಿಲ್ಲಲೆಂದು ಬೆಲ್ಟಿಗೆ ಆಯಿಲ್, ಗ್ರೀಸ್, ಸ್ಪ್ರೇ ಹೊಡೆಯುವುದು. ಇದು ಬೆಲ್ಟಿನ ಆಯುಷ್ಯವನ್ನೇ ತಿನ್ನುತ್ತದೆ.
5. ಬೇರೆ ಕೆಲಸಕ್ಕೆ ಬಿಚ್ಚಿದ, ಓಡಿದ ಬೆಲ್ಟನ್ನೇ ಮತ್ತೆ ಹಾಕುವುದು. ವಾಟರ್ ಪಂಪಿಗೋ ಸೀಲಿಗೋ ಬಿಚ್ಚಿದ್ದರೆ ಹೊಸದನ್ನೇ ಹಾಕಿಸಿ.
6. ಕವರಿನ ಕಿಂಡಿಯಿಂದ ಇಣುಕಿ ‘ಇನ್ನೂ ಚೆನ್ನಾಗಿದೆ, ಹತ್ತು ಸಾವಿರ ಓಡ್ತದೆ’ ಎಂದು ಹೇಳುವುದು, ಅದನ್ನು ನಂಬುವುದು. ಆ ಕಿಂಡಿಯಿಂದ ಕಾಣುವುದು ಬೆಲ್ಟಿನ ಒಂದು ತುಣುಕಿನ ಬೆನ್ನು ಮಾತ್ರ. ಹಲ್ಲಿನ ಬುಡದ ಸೀಳು, ಒಳಗಿನ ಎಳೆ ಕಾಣುವುದಿಲ್ಲ.

ದಾರಿಯಲ್ಲೇ ಕಟ್ ಆದರೆ

ಓಡುತ್ತಿದ್ದ ಎಂಜಿನ್ ಥಟ್ಟನೆ ಸತ್ತರೆ, ಮೊದಲು ನಿಮ್ಮ ಮತ್ತು ಜೊತೆಯವರ ಜೀವ, ಆಮೇಲೆ ಎಂಜಿನ್.

1. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಗೇರಿನಲ್ಲೇ ಉರುಳಿದರೆ ಕ್ರ್ಯಾಂಕ್ ತಿರುಗುತ್ತ ವಾಲ್ವ್‌ಗಳಿಗೆ ಮತ್ತಷ್ಟು ಪೆಟ್ಟು.
2. ಕಾರು ನಿಲ್ಲುವವರೆಗೆ ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ. ಸ್ಟೀರಿಂಗ್ ಲಾಕ್ ಆಗಬಹುದು.
3. ಸ್ಟೀರಿಂಗ್ ಭಾರವಾಗುತ್ತದೆ, ಗಾಬರಿಯಾಗಬೇಡಿ. ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಸಲಕ್ಕೆ ಸಾಕಾಗುವಷ್ಟು ಬಲ ಉಳಿದಿರುತ್ತದೆ. ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನೆ ಒತ್ತಿ.
4. ಹಜಾರ್ಡ್ ದೀಪ ಹಾಕಿ, ಎಡಕ್ಕೆ ಸರಿದು ನಿಲ್ಲಿಸಿ. ಹಿಂದೆ ಸಾಕಷ್ಟು ದೂರದಲ್ಲಿ ತ್ರಿಕೋನ ಇಡಿ. ಎಲ್ಲರೂ ಇಳಿದು ರಸ್ತೆಯಿಂದ ಆಚೆ ನಿಲ್ಲಿ.
5. ಒಮ್ಮೆಯೂ ಸೆಲ್ಫ್ ಹೊಡೆಯಬೇಡಿ. ಆಗಲೇ ಹೊಡೆದಿದ್ದರೆ ಸದ್ದು ನೆನಪಿಸಿಕೊಳ್ಳಿ: ಎಂದಿನ ತಡೆತಡೆದು ಬರುವ ಸದ್ದಿನ ಬದಲು ಸಲೀಸಾಗಿ ವೇಗವಾಗಿ ತಿರುಗಿದ್ದರೆ ಬೆಲ್ಟು ಹೋಗಿರುವ ಸಾಧ್ಯತೆ ಹೆಚ್ಚು.
6. ತಳ್ಳಿ ಸ್ಟಾರ್ಟ್ ಮಾಡಲೇಬೇಡಿ. ರಸ್ತೆಯಲ್ಲಿ ನಿಂತ ಕಾರು ಕಂಡರೆ ನಾಲ್ಕು ಜನ ಸೇರಿ ತಳ್ಳುವುದು ನಮ್ಮ ಜನರ ಒಳ್ಳೆಯ ಗುಣ. ಪಕ್ಕಕ್ಕೆ ಸರಿಸಲು ನ್ಯೂಟ್ರಲ್‌ನಲ್ಲಿ ತಳ್ಳಲಿ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಒಂದೆರಡು ವಾಲ್ವ್ ಬಾಗಿದ್ದ ಕಡೆ ಎಲ್ಲವೂ ಬಾಗಬಹುದು, ಪಿಸ್ಟನ್ನೂ ಹೋಗಬಹುದು.
7. ಟೋ ಮಾಡಿಸುವಾಗಲೂ ಗೇರ್ ನ್ಯೂಟ್ರಲ್‌ನಲ್ಲಿರಲಿ. ಫ್ಲ್ಯಾಟ್‌ಬೆಡ್ ವಾಹನ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ಕಟ್ ಆದ ಮೇಲೆ: ರಿಪೇರಿಯೋ, ಬೇರೆ ದಾರಿಯೋ?

ಹೆಡ್ ಇಳಿಸುವ ಮೊದಲೇ ಹಾನಿಯ ಅಂದಾಜು ಮಾಡಬಹುದು. ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ಮೇಲೆ ಪೆಟ್ಟಿನ ಗುರುತಿದೆಯೇ ನೋಡಬಹುದು. ವಾಲ್ವ್‌ಗಳೆಲ್ಲ ಮುಚ್ಚಿದ ಸ್ಥಿತಿಗೆ ತಂದು ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಪರೀಕ್ಷೆಯೂ ಇದೆ. ಬಾಗಿದ ವಾಲ್ವ್ ಸರಿಯಾಗಿ ಮುಚ್ಚದ ಕಾರಣ ಗಾಳಿ ಇನ್‌ಟೇಕ್ ಕಡೆಗೋ ಸೈಲೆನ್ಸರ್ ಕಡೆಗೋ ಸೋರುತ್ತದೆ. ವಾಲ್ವ್ ಬಡಿಯದ ಎಂಜಿನ್ ಎಂದು ಮೆಕ್ಯಾನಿಕ್‌ಗೆ ಖಚಿತವಿದ್ದರೆ ಹೊಸ ಬೆಲ್ಟು ಹಾಕಿ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದರೆ ಅಲ್ಲಿಗೆ ಮುಗಿಯಿತು.

ಹಾನಿಯಾಗಿದ್ದರೆ ಹೆಡ್ ಇಳಿಸಿ ಎಂಜಿನ್ ಕೆಲಸ ಮಾಡುವ ಲೇತ್ ವರ್ಕ್ಸ್‌ಗೆ ಕೊಡಬೇಕು. ಬಾಗಿದ ವಾಲ್ವ್‌ಗಳನ್ನು ಬದಲಿಸಿ, ಗೈಡ್‌ಗಳನ್ನು ಪರೀಕ್ಷಿಸಿ, ಸೀಟ್ ಗ್ರೈಂಡ್ ಮಾಡಿಸಿ, ಹೆಡ್ ಸಮತಟ್ಟಾಗಿದೆಯೇ ನೋಡಿಸಿ. ಬಾಗಿದ ವಾಲ್ವನ್ನು ನೇರ ಮಾಡಿ ಹಾಕುವುದಕ್ಕೆ ಒಪ್ಪಬೇಡಿ; ಅದು ಮುರಿದು ಸಿಲಿಂಡರಿನೊಳಗೆ ಬಿದ್ದರೆ ಬ್ಲಾಕೇ ಹೋಗುತ್ತದೆ. ಪಿಸ್ಟನ್ನಿಗೂ ಏಟು ಬಿದ್ದಿದ್ದರೆ ಖರ್ಚು ಜಾಸ್ತಿ. ಆಗ ಪೂರ್ತಿ ರಿಪೇರಿಯ ಅಂದಾಜು, ಒಳ್ಳೆಯ ಸ್ಥಿತಿಯ ಬಳಸಿದ ಹೆಡ್ ಅಥವಾ ಎಂಜಿನ್ನಿನ ಬೆಲೆ, ಕಾರಿನ ಈಗಿನ ಬೆಲೆ ಈ ಮೂರನ್ನೂ ಬರೆದುಕೊಂಡು ತೀರ್ಮಾನಿಸಿ. ಎಂಜಿನ್ನೇ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ನಮೂದಿಸುವುದು ಕಡ್ಡಾಯ.

ವಿಮೆ ಇದೆಯಲ್ಲ ಎಂದುಕೊಳ್ಳಬೇಡಿ. ಸಾಮಾನ್ಯ ವಾಹನ ವಿಮೆ ಸವಕಳಿಯನ್ನಾಗಲಿ ಯಾಂತ್ರಿಕ ಕೆಡುಕನ್ನಾಗಲಿ ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೂ ಅದರ ಷರತ್ತುಗಳನ್ನು ಓದಿ. ಅದು ಮುಖ್ಯವಾಗಿ ನೀರು ನುಗ್ಗುವುದು, ಆಯಿಲ್ ಸೋರುವುದು ಇಂಥವಕ್ಕೆಂದು ಇರುವುದು. ರಸ್ತೆ ನೆರವಿನ ಕವರ್ ಇದ್ದರೆ ಟೋಯಿಂಗ್ ಖರ್ಚಾದರೂ ಉಳಿದೀತು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ

ಬೆಲ್ಟು ಬದಲಿಸಿದ ಬಿಲ್ಲು ಕೇಳಿ. ಬಾಯಿಮಾತಿನ ಭರವಸೆಗೆ ಬೆಲೆ ಕೊಡಬೇಡಿ. ಹಿಂದಿನ ಮಾಲೀಕರು ಒಳ್ಳೆಯವರೇ ಇದ್ದರೂ ಅವರಿಗೇ ಸರಿಯಾಗಿ ಗೊತ್ತಿಲ್ಲದಿರಬಹುದು. ಓಡೋಮೀಟರ್ ಹಿಂದಕ್ಕೆ ತಿರುಗಿಸಿರುವ ಸಾಧ್ಯತೆಯೂ ಇರುವುದರಿಂದ ಕಿಲೋಮೀಟರ್ ಒಂದನ್ನೇ ನೆಚ್ಚಬೇಡಿ. ಹದಿನೈದು ವರ್ಷ ತುಂಬಿದ ಕಾರಿಗೆ ಆರ್‌ಟಿಒದಲ್ಲಿ ನೋಂದಣಿ ನವೀಕರಣವಾಗಿದೆ ಎಂದರೆ ಬೆಲ್ಟು ಚೆನ್ನಾಗಿದೆ ಎಂದು ಅರ್ಥವಲ್ಲ; ಅಲ್ಲಿ ಟೈಮಿಂಗ್ ಕವರ್ ಬಿಚ್ಚಿ ನೋಡುವುದಿಲ್ಲ.

ಬಿಲ್ಲು ಇಲ್ಲದಿದ್ದರೆ ಬೆಲ್ಟು ಬದಲಾಗಿಲ್ಲ ಎಂದೇ ಲೆಕ್ಕ. ಕಿಟ್‌ನ ಬೆಲೆ, ಕೂಲಿ ಎರಡನ್ನೂ ನಿಮ್ಮ ಮೆಕ್ಯಾನಿಕ್‌ ಹತ್ತಿರ ಮೊದಲೇ ಕೇಳಿ, ಚೌಕಾಸಿ ಮಾಡುವಾಗ ಅಷ್ಟನ್ನು ಕಳೆಯಿರಿ. ಕಾರು ಕೈಗೆ ಬಂದ ಮೇಲೆ ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಮೊದಲ ಕೆಲಸ ಇದೇ ಆಗಲಿ. ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು ಆಮೇಲೆ ಬರಲಿ.

ಬರೆದಿಡಿ

ಬೆಲ್ಟು ಬದಲಿಸಿದ ದಿನವೇ ನಾಲ್ಕು ವಿಷಯ ಬರೆದಿಡಿ: ತಾರೀಕು, ಓಡೋಮೀಟರ್ ಓದು, ಹಾಕಿದ ಭಾಗಗಳ ಹೆಸರು ಮತ್ತು ಸಂಖ್ಯೆ, ಮುಂದಿನ ಬದಲಾವಣೆಯ ಗಡುವು. ಒಂದು ಸ್ಟಿಕ್ಕರಿನಲ್ಲಿ ಇದನ್ನು ಬರೆದು ಬಾನೆಟ್ಟಿನ ಒಳಗೆ ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಬಿಲ್ಲಿನ ಫೋಟೊ ತೆಗೆದು ಫೋನಿನಲ್ಲಿಡಿ. ಗಡುವಿನ ತಿಂಗಳಿಗೆ ಫೋನಿನಲ್ಲೇ ನೆನಪೋಲೆಯನ್ನೂ ಹಾಕಿಕೊಳ್ಳಿ. ಬಿಚ್ಚಿದ ಹಳೆಯ ಬೆಲ್ಟು, ಟೆನ್ಷನರ್‌ಗಳನ್ನು ಕೇಳಿ ಪಡೆದು ನೋಡಿ. ಕೆಲಸ ನಿಜವಾಗಿ ಆಗಿದೆ ಎಂಬುದಕ್ಕೆ ಅದು ಸಾಕ್ಷಿ. ಹಳೆಯದು ಯಾವ ಸ್ಥಿತಿಗೆ ಬಂದಿತ್ತು ಎಂಬುದೂ ತಿಳಿಯುತ್ತದೆ.

ಮುಂದೆ ಕಾರನ್ನು ಮಾರುವಾಗ, ತಮ್ಮನಿಗೋ ಮಗಳಿಗೋ ಬಿಟ್ಟುಕೊಡುವಾಗ ಆರ್‌ಸಿ, ವಿಮೆಯ ಜೊತೆ ಆ ಬಿಲ್ಲನ್ನೂ ಕೊಡಿ. ಒಂದು ಮಧ್ಯಮ ವರ್ಗದ ಮನೆಯಲ್ಲಿ ಹಳೆಯ ಕಾರು ಆಸ್ಪತ್ರೆಗೂ ಹೌದು, ಮದುವೆಗೂ ಹೌದು, ಊರಿಗೂ ಹೌದು. ಇಷ್ಟೆಲ್ಲಕ್ಕೆ ಒದಗುವ ಗಾಡಿ ನಡುದಾರಿಯಲ್ಲಿ ಕೈಕೊಡದಂತೆ ನೋಡಿಕೊಳ್ಳಲು ಇಲ್ಲಿ ಬೇಕಾಗಿರುವುದು ಒಂದು ದಿನದ ಗ್ಯಾರೇಜ್ ಕೆಲಸ, ಒಂದು ಸಾಲಿನ ಬರಹ. ಈ ವಾರವೇ ನಿಮ್ಮ ಸರ್ವಿಸ್ ಪುಸ್ತಕ ತೆರೆದು ಆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.